ಅರಳೆ ನಿಲ್ಲದ ತಲೆ

ನಿಮ್ಮ ರಕ್ತದಲ್ಲಿ ಯಾವ ದೋಷವೂ ಇರಲಿಲ್ಲ, ಭೂಪಾಲಣ್ಣ. ನಿಮ್ಮ ತಲೆಯ ಮೇಲಿನ ಗುಳ್ಳೆಗಳನ್ನು ಎಬ್ಬಿಸಿದವನು ನಾನು — ನನ್ನ ಕ್ಷೌರದ ವಸ್ತರಾ, ನನ್ನ ಕೈ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಏಳು ವರ್ಷದ ಹಿಂದೆ, ನನ್ನ ಅಂಗಡಿಯಲ್ಲಿ, ನಿಮ್ಮೂರ ಹಿರಿಯರ ಎದುರಿಗೆ, ನಿಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡೇ ಸುಳ್ಳು ಹೇಳಿದೆ. ಆ ಸುಳ್ಳಿನಿಂದಾಗಿ ನಿಮ್ಮ ಅವ್ವ ಪದ್ಮವ್ವ ಒಂದು ಚಾತುರ್ಮಾಸವಿಡೀ ಬಾಗಿಲಲ್ಲಿ ಒಬ್ಬರೇ ನಿಂತರು. ಮುನಿಗಳ ಕೈಗೆ ಒಂದು ತುತ್ತು ನೀಡಲಾಗದೆ ತೀರಿಕೊಂಡರು.

ಇಷ್ಟು ಬರೆಯುವುದರೊಳಗೆ ನಾಲ್ಕು ಹಾಳೆ ಹರಿದು ಹಾಕಿದ್ದೇನೆ. ನಾನು ಕಲಿತದ್ದು ಏಳನೆಯ ಇಯತ್ತೆ, ಅದೂ ಗಡಹಿಂಗ್ಲಜದ ಕಡೆಯ ಒಂದು ಕನ್ನಡ ಶಾಲೆಯಲ್ಲಿ. ಅಕ್ಷರ ಡೊಂಕಾಗಿದ್ದರೆ ಸಹಿಸಿಕೊಳ್ಳಿ. ಈ ಕಾಗದವನ್ನು ನಾಳೆ ನಾಲ್ಕು ಜನರ ಎದುರಿಗೆ ಓದುವವನಿದ್ದೇನೆ, ಅವರಲ್ಲಿ ನಿಮ್ಮ ಜೈನ ಧರ್ಮದವರಲ್ಲದವರೂ ಇರಬಹುದು. ಅದಕ್ಕೆ ನಿಮಗೆ ಗೊತ್ತಿರುವುದನ್ನೂ ಇಲ್ಲಿ ಬಿಡಿಸಿ ಬರೆಯುತ್ತೇನೆ.

ನಾನು ಈರಪ್ಪ, ಹಡಪದರ ಮನೆಯವನು. ಅಪ್ಪನ ಕೈಯಲ್ಲಿ ವಸ್ತರಾ ಹಿಡಿಯಲು ಕಲಿತು, ಇಚಲಕರಂಜಿಗೆ ಬಂದು, ಮಗ್ಗಗಳ ಓಣಿಯ ಬಾಯಲ್ಲಿ ಕಟಿಂಗ್ ಅಂಗಡಿ ಇಟ್ಟು ಮೂವತ್ತು ವರ್ಷವಾಯಿತು. ಆ ಓಣಿಯಲ್ಲಿ ಹಗಲಿಡೀ ಪಾವರ್‌ಲೂಮಿನ ಖಟಖಟ, ಗಾಳಿಯ ತುಂಬ ಹತ್ತಿಯ ಅರಳೆ. ಹುಬ್ಬಿಗೆ ಅರಳೆ, ಮೀಸೆಗೆ ಅರಳೆ, ಚಹಾದ ಕಪ್ಪಿನಲ್ಲಿ ಅರಳೆ. ತಲೆತುಂಬ ಕೂದಲಿದ್ದವನು ಸಂಜೆಗೆ ಬೆಳ್ಳಗೆ ಮುದುಕನಾಗಿ ಮನೆಗೆ ಹೋಗುತ್ತಾನೆ. ಹೀಗಾಗಿ ನಮ್ಮ ಓಣಿಯ ಮಗ್ಗದವರಲ್ಲಿ ಎಷ್ಟೋ ಮಂದಿ ತಲೆ ಬೋಳಿಸಿಯೇ ಇಡುತ್ತಿದ್ದರು. ನಾನು ಹೆಸರು ಮಾಡಿದ್ದು ಅವರ ತಲೆಗಳ ಮೇಲೆ.

ನನ್ನದೊಂದು ಆಟವಿತ್ತು. ಕನ್ನಡಿಯ ಕೆಳಗೆ ಒಂದು ಗಾಜಿನ ಭರಣಿ, ಅದರಲ್ಲಿ ಅರಳೆ. ತಲೆ ಬೋಳಿಸಿ ಮುಗಿಸಿದ ಮೇಲೆ ಒಂದು ಚಿಟಿಕೆ ಅರಳೆ ತೆಗೆದು ಗಿರಾಕಿಯ ಹಣೆಯಿಂದ ಹಿಂದೆ ಕತ್ತಿನ ಹೆಡಕಿನವರೆಗೆ ಮೆಲ್ಲಗೆ ಎಳೆಯುತ್ತಿದ್ದೆ. ಒಂದೇ ಒಂದು ಎಳೆ ಎಲ್ಲಾದರೂ ಸಿಕ್ಕಿಕೊಂಡಿತೋ, ಮತ್ತೆ ಸಾಬೂನು, ಮತ್ತೆ ವಸ್ತರಾ. “ಅರಳಿ ನಿಂತ್ರ ನಾ ವಸ್ತರಾ ಕೆಳಗ ಇಡತೇನ್ರಿ!” ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗುತ್ತಿದ್ದೆ. ಬೆಂಚಿನ ಮೇಲೆ ಕೂತವರು ಕತ್ತು ಚಾಚಿ ನೋಡುತ್ತಿದ್ದರು. ಅರಳೆ ಜಾರಿಕೊಂಡು ಹೋಗಿ ನೆಲಕ್ಕೆ ಬಿದ್ದರೆ, “ಏಕದಮ್ ಗುಳಗುಳೀತ!”, ಎಷ್ಟು ನುಣ್ಣಗಿದೆ ಎಂದು ಮರಾಠಿಯಲ್ಲಿ ಒಬ್ಬ, “ಕೈಯಾಗ ಕಸಬು ಐತ್ರೀಪಾ!” ಎಂದು ಕನ್ನಡದಲ್ಲಿ ಇನ್ನೊಬ್ಬ. ನನಗೆ ಅಷ್ಟು ಸಾಕು. ಊಟ ಬಿಟ್ಟೇನು, ಆ ಮಾತು ಬಿಡಲಾರೆ — ಹಾಗಿತ್ತು ನನ್ನ ಬುದ್ಧಿ.

ಆ ನುಣುಪು ಬರುವ ಬಗೆ ಹೇಳುತ್ತೇನೆ. ಮೊದಲು ಕೂದಲು ಬೆಳೆದ ದಿಕ್ಕಿಗೆ ಒಂದು ಸಲ. ಆಮೇಲೆ ಅಡ್ಡ. ಆಮೇಲೆ ಎಡಗೈ ಹೆಬ್ಬೆರಳಿನಿಂದ ಚರ್ಮವನ್ನು ಜಗ್ಗಿ ಹಿಡಿದು, ಕೂದಲಿಗೆ ಎದುರಾಗಿ ಕೆಳಗಿನಿಂದ ಮೇಲಕ್ಕೆ. ಆ ಎದುರು ಹೊಡೆತದಿಂದಲೇ ನನ್ನ ಅಂಗಡಿ ನಡೆಯುತ್ತಿತ್ತು. ಅಪ್ಪ ಅದನ್ನು ಕಲಿಸಿರಲಿಲ್ಲ. ಅಪ್ಪ ಒಂದೇ ಸಲ ಹೊಡೆದು, “ಸಾಕು ಮಗಾ, ತಲಿ ಅಂದ್ರ ತಾಟಲ್ಲ” ಅನ್ನುತ್ತಿದ್ದ. ನಾನು ಅಪ್ಪನನ್ನು ಹಳೇ ಕಾಲದವನೆಂದು ನಕ್ಕವನು.

ನೀವು ನನ್ನ ಕುರ್ಚಿಗೆ ಬಂದಾಗ ನಿಮಗೆ ನಲವತ್ತರ ಹತ್ತಿರ. ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಎಂಟು ಮಗ್ಗದ ಶೆಡ್ಡು ಇಚಲಕರಂಜಿಯಲ್ಲಿ, ಹೊಲ, ಮನೆ, ಅವ್ವ ಎಲ್ಲ ನಿಮ್ಮೂರು ದಾನೋಳಿಯಲ್ಲಿ. ನಡುನೆತ್ತಿ ಬೋಳಾಗಿತ್ತು. ಕಿವಿಯ ಸುತ್ತ, ಹೆಡಕಿನ ಮೇಲೆ ಮಾತ್ರ ದಪ್ಪ ಗುಂಗುರು ಕೂದಲು. “ಈ ಅರಳಿ ಕಾಟ ಸಾಕಾಗೇತಿ ಈರಪ್ಪಾ, ಪೂರಾ ತಗದ ಬಿಡು” ಅಂದಿರಿ. ತೆಗೆದೆ. ಅರಳೆ ಎಳೆದು ತೋರಿಸಿದೆ. ಮಗುವಿನ ಹಾಗೆ ನಕ್ಕಿರಿ. ಅಂದಿನಿಂದ ಬುಧವಾರ, ರವಿವಾರ ತಪ್ಪಲಿಲ್ಲ.

ಎರಡು ಮೂರು ತಿಂಗಳಿಗೆ ಹೆಡಕಿನ ಮೇಲೆ ಸಾಸಿವೆಯಷ್ಟು ಕೆಂಪು ಗುಳ್ಳೆ ಎದ್ದವು. “ಉಷ್ಣ ಆಗೇತ್ರಿ ಅಣ್ಣಾ, ಮಜ್ಜಿಗಿ ಕುಡೀರಿ” ಅಂದೆ. ಆಗ ನಾನು ನಂಬಿ ಹೇಳಿದ ಮಾತು ಅದು, ಅದನ್ನು ನನ್ನ ಸುಳ್ಳುಗಳ ಲೆಕ್ಕಕ್ಕೆ ಹಿಡಿಯುತ್ತಿಲ್ಲ. ಗುಳ್ಳೆಗಳ ಮೇಲೆಯೇ ವಸ್ತರಾ ಆಡಿಸಿದೆ. ಗುಳ್ಳೆಯ ತುದಿ ಕೊಯ್ದು ರಕ್ತ ಬಂದಲ್ಲಿ ತುರಟಿ, ಅಂದರೆ ಪಟಿಕದ ಗಡ್ಡೆ ತಿಕ್ಕಿದೆ, ನೀವು ಹಲ್ಲು ಕಚ್ಚಿ ಉರಿ ತಡೆದುಕೊಂಡಿರಿ. ಒಳಗೆ ಸುತ್ತಿಕೊಂಡ ಕೂದಲನ್ನು ಸೂಜಿಯ ಮೊನೆಯಿಂದ ಕೆದಕಿ ತೆಗೆದೆ. ಸಾಸಿವೆಯಷ್ಟಿದ್ದದ್ದು ತೊಗರಿಬೇಳೆಯಷ್ಟಾಯಿತು, ಕೀವು ತುಂಬಿತು. ಆದರೂ ಪ್ರತಿ ಸಲ ಅರಳೆ ಎಳೆದೆ — ಗುಳ್ಳೆಗಳಿಲ್ಲದ ಜಾಗ ನೋಡಿ ಎಳೆದೆ. ಅದನ್ನು ನೀವು ನೋಡುವ ಹಾಗಿರಲಿಲ್ಲ, ನಿಮ್ಮ ಮುಖ ಕನ್ನಡಿಯ ಕಡೆಗಿತ್ತು.

ಆ ವರ್ಷ ಮುಂಗಾರು ಹಿಡಿಯುವ ಮೊದಲು ನಮ್ಮ ಕಸಬಿನವರಿಗೆಂದು ಕೊಲ್ಲಾಪುರದಲ್ಲಿ ಒಂದು ದಿನದ ಶಿಬಿರ ಇತ್ತು. ನಾನು ಹೋದದ್ದು ಊಟ ಚೆನ್ನಾಗಿರುತ್ತದೆ ಎಂದು. ಊಟದ ಮೊದಲು ಚರ್ಮದ ಲೇಡಿ ಡಾಕ್ಟರ್ ಬಾಯಿಯೊಬ್ಬರು ಎದ್ದು ನಿಂತು, ಹಲಗೆಯ ಮೇಲೆ ಮೀನಿನ ಗಾಳದ ಹಾಗೆ ಬಾಗಿದ ಒಂದು ಕೂದಲಿನ ಚಿತ್ರ ಬರೆದರು. ಗುಂಗುರು ಕೂದಲನ್ನು ಚರ್ಮ ಜಗ್ಗಿ, ಎದುರು ಹೊಡೆದು, ಚರ್ಮಕ್ಕಿಂತ ಒಳಗೆ ಕೊಯ್ದರೆ, ಆ ಕೂದಲು ಚೂಪಾಗುತ್ತದೆ. ಬೆಳೆಯುವಾಗ ಹೊರಬರುವ ಬದಲು ತಿರುಗಿ ಚರ್ಮಕ್ಕೇ ಚುಚ್ಚುತ್ತದೆ. ಮೈ ಅದನ್ನು ಮುಳ್ಳೆಂದು ತಿಳಿದು ಬಾತುಕೊಳ್ಳುತ್ತದೆ. ಅದೇ ಗುಳ್ಳೆ. ಉಷ್ಣವೂ ಅಲ್ಲ, ರಕ್ತವೂ ಅಲ್ಲ. ಗೋಕುಳ ಶಿರಗಾಂವದ ಫೌಂಡ್ರಿಯ ಹುಡುಗರು ಬೋಳುತಲೆಯ ಮೇಲೆ ಹೆಲ್ಮೆಟ್ಟು ಹಾಕಿಕೊಂಡು ದುಡಿದು, ಇದೇ ಗುಳ್ಳೆ ಹೊತ್ತು ತಮ್ಮ ಹತ್ತಿರ ಬರುತ್ತಾರೆ ಎಂದರು. “ಇದು ನಿಮ್ಮ ಕೈಯಿಂದ ಆಗೋದು, ನಿಮ್ಮ ಕೈಯಿಂದಲೇ ನಿಲ್ಲೋದು” ಎಂದು ಮರಾಠಿಯಲ್ಲಿ ನಗುತ್ತಾ ಹೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನನ್ನ ಎಡಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ.

ಉಪಾಯವನ್ನೂ ಅವರು ಹೇಳಿಕೊಟ್ಟರು, ಎಷ್ಟು ಸುಲಭದ್ದು ಅಂತೀರಿ. ಬಿಸಿನೀರಿನ ಬಟ್ಟೆ ಇಟ್ಟು ಕೂದಲನ್ನು ಮೆತ್ತಗೆ ಮಾಡಿ. ನೊರೆ ಹಚ್ಚಿ ಒಂದೆರಡು ನಿಮಿಷ ಬಿಡಿ. ಹೊಸ ಬ್ಲೇಡು, ಕೂದಲಿನ ದಿಕ್ಕಿಗೆ, ಜಗ್ಗದೆ, ಒತ್ತದೆ, ಒಂದೇ ಸಲ. ಗುಳ್ಳೆ ಎದ್ದವನಿಗೆ ಒಂದು ತಿಂಗಳಾದರೂ ವಸ್ತರಾ ಮುಟ್ಟಿಸಬೇಡಿ, ಬೇಕೇ ಬೇಕು ಅಂದರೆ ಮಷೀನಿನಿಂದ ಎಳ್ಳಿನಷ್ಟು ಕೂದಲು ಬಿಟ್ಟು ತೆಗೆಯಿರಿ. ಚಿವುಟಬೇಡಿ, ಸೂಜಿ ಹಾಕಬೇಡಿ. ಕೀವಾದರೆ ನಮ್ಮ ಕಡೆ ಕಳಿಸಿ — ತಡಮಾಡಿದರೆ ಹೆಡಕಿನ ಮೇಲೆ ಗಂಟುಗಟ್ಟುತ್ತದೆ, ಆ ಗಂಟು ಆಮೇಲೆ ಹೋಗುವುದಿಲ್ಲ. ನಾನು ಎದ್ದು ನಿಂತು ಒಂದು ಪ್ರಶ್ನೆಯನ್ನೂ ಕೇಳಿದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುತ್ತದೆಯೇ ಎಂದು. “ಇಲ್ಲ, ಇದು ಅಂಟುರೋಗವೇ ಅಲ್ಲ” ಅಂದರು. ಕೇಳಿಸಿಕೊಂಡು ಕೂತೆ. ಆದ್ದರಿಂದ ತಿಳಿಯದೆ ಮಾಡಿದೆ ಎಂದು ಹೇಳಲು ನನಗೆ ದಾರಿಯಿಲ್ಲ.

ಆ ರವಿವಾರ ನೀವು ಅಂಗಡಿಗೆ ಬಂದಿರಿ. ಮುಖದ ಮೇಲೆ ಎಂಥ ಕಳೆ! “ಈರಪ್ಪಾ, ಈ ಸಲ ಚಾತುರ್ಮಾಸಕ್ಕ ನಮ್ಮ ದಾನೋಳಿಗೆ ಮುನಿಗಳು ಬರಾಕತ್ತಾರ. ನಮ್ಮ ಮನಿಯಾಗೂ ಚೌಕ ಹಾಕತೇವಿ. ನಮ್ಮ ಅವ್ವಂದು ಒಂದ ಆಸೆ — ಮಗನ ಸಂಗಾಟ ನಿಂತು ಆಹಾರ ಕೊಡಬೇಕು ಅಂತ. ಎಪ್ಪತ್ತೆಂಟು ಅಕಿಗೆ. ಮುಂದಿನ ಸಲಕ್ಕ ಕಾಯಾಕ ಆಗತೈತೇನು?”

ಚಾತುರ್ಮಾಸ ಅಂದರೆ ಮುನಿಗಳು ಮಳೆಗಾಲದ ನಾಲ್ಕು ತಿಂಗಳು ಒಂದೇ ಊರಿನಲ್ಲಿ ನಿಲ್ಲುವುದು. ಚೌಕ ಅಂದರೆ ಮುನಿಗಳ ಆಹಾರಕ್ಕೆಂದು ಶುದ್ಧವಾಗಿ ಇಟ್ಟುಕೊಂಡ ಅಡುಗೆಯ ಜಾಗ. ದಿಗಂಬರ ಮುನಿಗಳು ದಿನಕ್ಕೆ ಒಂದೇ ಹೊತ್ತು, ನಿಂತುಕೊಂಡು, ಅಂಗೈಯನ್ನೇ ತಾಟು ಮಾಡಿಕೊಂಡು ಉಣ್ಣುವವರು. ಇಂಥವರ ಮನೆಗೆ ಬರುತ್ತೇನೆಂದು ಹೇಳುವುದಿಲ್ಲ. ಮನೆಯವರು ಕಲಶ, ಕಾಯಿ ಹಿಡಿದು ಬಾಗಿಲಲ್ಲಿ ನಿಲ್ಲಬೇಕು. ಮುನಿಗಳು ಮನಸ್ಸಿನಲ್ಲಿ ಒಂದು ಸಂಕೇತ ಇಟ್ಟುಕೊಂಡು ಬೀದಿಯಲ್ಲಿ ಬರುತ್ತಾರೆ, ಅದು ಎಲ್ಲಿ ಕಂಡೀತೋ ಅಲ್ಲಿ ನಿಲ್ಲುತ್ತಾರೆ. ಅನ್ನದಲ್ಲಿ ಒಂದು ಕೂದಲು ಸಿಕ್ಕರೂ ಕೈ ಬಿಡುತ್ತಾರೆ, ಆ ದಿನ ಉಪವಾಸ. ಇದನ್ನೆಲ್ಲ ಹೇಳಿದವರು ನೀವೇ. ಹೇಳಿ, “ನನ್ನಿಂದ ಒಂದ ಕೂದಲಾ ಉದರಬಾರದು. ಇನ್ನ ಮ್ಯಾಲ ಒಂದ ದಿನ ಬಿಟ್ಟು ಒಂದ ದಿನ ಬರತೇನಿ. ಅರಳಿ ಎಳದ ನೋಡು” ಅಂದಿರಿ.

ಭೂಪಾಲಣ್ಣ, ಆಗ ಇನ್ನೂ ಎರಡು ತಿಂಗಳಿತ್ತು. ಡಾಕ್ಟರ್ ಬಾಯಿ ಹೇಳಿದ್ದು ಒಂದು ತಿಂಗಳು. “ಅಣ್ಣಾ, ತಪ್ಪು ನಂದು, ವಸ್ತರಾ ಬಿಡ್ರಿ, ಕೊಲ್ಲಾಪುರಕ್ಕ ತೋರಸ್ರಿ, ತಲಿಗೆ ಬಿಳೀ ಬಟ್ಟೆ ಕಟಗೊಂಡ ನಿಲ್ರಿ” — ಇಷ್ಟೇ ಮಾತು. ನಾಲಿಗೆಯ ತುದಿಯವರೆಗೆ ಬಂದಿತ್ತು. ಬೆಂಚಿನ ಮೇಲೆ ಮೂರು ಜನ ಕೂತಿದ್ದರು. ಅವರಲ್ಲೊಬ್ಬ ನನ್ನ ಕೈಯನ್ನೇ ನೋಡುತ್ತಿದ್ದ, ಅರಳೆಯ ಆಟ ನೋಡಲೆಂದೇ ಬಂದವನು. ನಾನು — ನೊರೆ ಹಚ್ಚಿದೆ. ಜಗ್ಗಿ ಹಿಡಿದೆ. ಎದುರು ಹೊಡೆದೆ.

ಹೆಂಡತಿ ಗೌರವ್ವನಿಗೆ ಮಾತ್ರ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಆ ಮನಿಶಾಗ ನಾಳೆನ ಹೇಳ್ರಿ” ಅಂದಳು. ನಾನು, ಹೇಳಿದರೆ ಅಂಗಡಿಯ ಹೆಸರು ಹೋಗುತ್ತದೆ, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಂದೆ. “ಯಾರ ಮಾನದ ಮಾತ ಆಡಾಕತ್ತೇರಿ ನೀವು? ಅಂವಂದೋ, ನಿಮ್ಮದೋ?” ಎಂದು ಕೇಳಿ, ಮತ್ತೆ ರೊಟ್ಟಿ ಬಡಿದಳು. ಆ ದಿನ ನನ್ನನ್ನು ಊಟಕ್ಕೆ ಕರೆಯಲಿಲ್ಲ, ಮುಚ್ಚಿಟ್ಟು ಹೋದಳು.

ನೀವು ಒಂದು ದಿನ ಬಿಟ್ಟು ಒಂದು ದಿನ ಬಂದಿರಿ. ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡು, ಮುನಿಗಳ ಎದುರಿಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದಿರಿ — ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ. ಮನಸ್ಸು, ಮಾತು, ಮೈ ಮೂರೂ ಶುದ್ಧವಾಗಿವೆ ಎಂದು ಹೇಳಿದ ಮೇಲೆಯೇ ಮುನಿಗಳು ಕೈಯೊಡ್ಡುವುದಂತೆ. ಮೊದಲೆರಡು ಮಾತು ಗಟ್ಟಿಯಾಗಿ ಬರುತ್ತಿದ್ದವು. ಕಾಯಶುದ್ಧಿ ಅನ್ನುವಲ್ಲಿ ನಿಮ್ಮ ಧ್ವನಿ ತಗ್ಗುತ್ತಿತ್ತು. ಅಷ್ಟು ಹೊತ್ತಿಗೆ ಹೆಡಕಿನಿಂದ ಕಿವಿಯವರೆಗೆ ಕೀವುಗುಳ್ಳೆ ಹಬ್ಬಿದ್ದವು, ನಿಮ್ಮ ಅಂಗಿಯ ಕಾಲರಿಗೆ ಹಳದಿ ಕಲೆ ಬೀಳುತ್ತಿತ್ತು. ವಚನಶುದ್ಧಿ ಎಂದು ನೀವು ಅನ್ನುವಾಗೆಲ್ಲ ನನ್ನ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ನಿಂತು, ಮತ್ತೆ ನಡೆಯುತ್ತಿತ್ತು.

ಚಾತುರ್ಮಾಸ ಹಿಡಿಯಲು ನಾಲ್ಕು ದಿನ ಇದ್ದಾಗ ನಿಮ್ಮೂರಿನ ಹಿರಿಯರು ಆದಗೊಂಡ ಕಾಕಾ ನಿಮ್ಮ ಜೊತೆ ಬಂದರು. ಚೌಕದ ಮನೆಗಳನ್ನು ಗೊತ್ತುಮಾಡುವವರು ಅವರು. ಕೆಟ್ಟ ಮನುಷ್ಯನಲ್ಲ, ಒಳ್ಳೆಯ ಮಾತಿನಿಂದಲೇ ಕೇಳಿದರು. ನಿಮ್ಮ ತಲೆ ಅರ್ಧ ಬೋಳಿಸಿ ಆಗಿತ್ತು.

“ಈರಪ್ಪಾ, ಇವನ ತಲಿ ಮುಟ್ಟಾವ ನೀನ. ನೀ ಹೇಳಿದ್ದ ನಮಗ ಪ್ರಮಾಣ. ಇವು ವಸ್ತರಾದ ಗುಳ್ಳಿ ಏನು, ಇಲ್ಲಾ ಮೈಯಾಗಿನ ರೋಗ ಏನು? ವಸ್ತರಾದ್ದಾದ್ರ ನಾಕ ವಾರ ಬಿಟ್ರ ಮಾಯತಾವು, ಆಮ್ಯಾಲ ಧಾರಾಳ ನಿಲ್ಲಲಿ, ನಮ್ಮದೇನ ಅಡ್ಡಿ ಇಲ್ಲ. ಮೈಯಾಗಿಂದಾದ್ರ ಮಾತ್ರ…”

ಕಾಕಾ ಅಷ್ಟಕ್ಕೇ ನಿಲ್ಲಿಸಿದರು. ಬೆಂಚಿನ ಮೇಲಿನವರು ನನ್ನ ಕಡೆ ತಿರುಗಿದರು. ನೀವು ಕನ್ನಡಿಯೊಳಗಿನಿಂದ ನನ್ನನ್ನು ನೋಡಿದಿರಿ — ಎಷ್ಟು ಆಸೆಯಿಂದ ನೋಡಿದಿರಿ! ವಸ್ತರಾದ್ದು ಅನ್ನಲಿ, ಅನ್ನಲಿ ಎಂದು ನಿಮ್ಮ ಕಣ್ಣು ಕೇಳುತ್ತಿತ್ತು. ಒಂದು ಮಾತು. ಇಡೀ ಜನ್ಮದಲ್ಲಿ ನನ್ನನ್ನು ಯಾರೂ ಅಷ್ಟು ದೊಡ್ಡ ಜಾಗದಲ್ಲಿ ನಿಲ್ಲಿಸಿ ಪ್ರಮಾಣ ಕೇಳಿರಲಿಲ್ಲ. ಬಾಯಿ ತೆರೆದೆ.

“ನನ್ನ ವಸ್ತರಾದಿಂದ ಇಷ್ಟು ವರ್ಷದಾಗ ಒಬ್ಬರಿಗೂ ಗುಳ್ಳಿ ಎದ್ದಿಲ್ರಿ ಕಾಕಾ. ಇದು ರಕ್ತದಾಗಿನ ದೋಷ.”

ನಿಮ್ಮ ತಲೆ ನನ್ನ ಕೈ ಕೆಳಗೆ ತುಸು ತಗ್ಗಿತು. ಆ ತೂಕ ಈಗಲೂ ಅಂಗೈಗೆ ಗೊತ್ತಾಗುತ್ತದೆ. ನೀವು ನನ್ನ ಮೇಲೆ ಸಿಟ್ಟಾಗಲಿಲ್ಲ, ವಾದಿಸಲಿಲ್ಲ. “ಅಪ್ಪಗೂ ಹೆಡಕಿನ ಮ್ಯಾಲ ಒಂದ ಗಂಟ ಇತ್ತರಿ ಕಾಕಾ” ಅಂದಿರಿ. ನನ್ನ ಸುಳ್ಳಿಗೆ ನೀವೇ ಸಾಕ್ಷಿ ಹುಡುಕಿ ಕೊಟ್ಟಿರಿ! ಕಾಕಾ ನಿಟ್ಟುಸಿರು ಬಿಟ್ಟು ಎದ್ದರು. ನಾನು ಉಳಿದ ಅರ್ಧ ತಲೆ ಬೋಳಿಸಿ ಮುಗಿಸಿದೆ, ಅರಳೆಯನ್ನೂ ಎಳೆದೆ. ಯಾರೂ ಗುಳಗುಳೀತ ಅನ್ನಲಿಲ್ಲ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ರಕ್ತದೋಷ ಎಂಬ ಮಾತು ನಿಮಗಿಂತ ಮೊದಲು ದಾನೋಳಿ ಮುಟ್ಟಿತು. ಜಯಸಿಂಗಪುರದ ಸಂತೆಗೆ ಹೋದವರು ನಿಮ್ಮ ಪಕ್ಕದಲ್ಲಿ ಟೆಂಪೋದಲ್ಲಿ ಕೂಡಲು ಹಿಂದೆಮುಂದೆ ನೋಡಿದರಂತೆ. ನಿಮ್ಮ ಮನೆಯಲ್ಲಿ ನೀವು ಆಹಾರ ಕೊಡುವ ಹಾಗಿಲ್ಲ ಎಂದಾಯಿತು. ಅವ್ವ ನಿಲ್ಲಬಹುದು — ಅವರು ಬೇರೆ ಮನೆಯಿಂದ ಬಂದ ಹೆಣ್ಣುಮಗಳು, ಅವರ ರಕ್ತ ಬೇರೆ — ಎಂದು ಲೆಕ್ಕ ಹಾಕಿದರು. ನನ್ನ ಒಂದು ಸುಳ್ಳಿನ ಮೇಲೆ ಎಷ್ಟು ನೆಟ್ಟಗೆ ಗೋಡೆ ಕಟ್ಟಿದರು ನೋಡಿ.

ಒಂದು ದಿನ ನಾನು ದಾನೋಳಿಗೆ ಬಂದಿದ್ದೆ. ನಿಮಗೆ ಗೊತ್ತಿಲ್ಲ. ಬೆಳಗಿನ ಹತ್ತರ ಹೊತ್ತು, ಬೀದಿಯುದ್ದಕ್ಕೂ ಬಾಗಿಲು ಬಾಗಿಲಲ್ಲಿ ಗಂಡ ಹೆಂಡತಿ, ಮಕ್ಕಳು ಮರಿ ಮಡಿಯುಟ್ಟು ನಿಂತಿದ್ದರು. ನಿಮ್ಮ ಬಾಗಿಲಲ್ಲಿ ಪದ್ಮವ್ವ ಒಬ್ಬರೇ. ಬಿಳೀ ಸೀರೆ, ಬಾಗಿದ ಬೆನ್ನು, ಎರಡೂ ಕೈಯಲ್ಲಿ ಕಲಶ, ಮೇಲೆ ತೆಂಗಿನಕಾಯಿ. ಮುನಿಗಳು ಬಂದರು. “ನಮೋಸ್ತು, ನಮೋಸ್ತು” ಎಂದು ಅವ್ವ ಕೂಗಿದರು. ಮುನಿಗಳು ನಿಮ್ಮ ಬಾಗಿಲ ಮುಂದೆ ನಿಂತರು, ಖರೇನೇ ನಿಂತರು. ಅವ್ವನನ್ನು ನೋಡಿದರು. ಅವ್ವನ ಪಕ್ಕದ ಖಾಲಿ ಜಾಗ ನೋಡಿದರು. ಆಮೇಲೆ ಮುಂದೆ ನಡೆದರು.

ಅವರ ಮನಸ್ಸಿನಲ್ಲಿ ಯಾವ ಸಂಕೇತವಿತ್ತೋ ಯಾರಿಗೂ ಗೊತ್ತಿಲ್ಲ. ತಾಯಿ ಮಗ ಜೋಡಿಯಾಗಿ ನಿಂತಿರಬೇಕು ಎಂದೇ ಇದ್ದಿರಬಹುದು, ಅಲ್ಲದೆಯೂ ಇರಬಹುದು. ಅವ್ವ ಮಾತ್ರ ಕೊನೆಯವರೆಗೆ ಹಾಗೆಯೇ ನಂಬಿದರು. ನಾನು ಎದುರುಗಡೆಯ ಬೇವಿನ ಮರದ ಮರೆಯಲ್ಲಿದ್ದೆ. ನಿಮ್ಮ ಮನೆಯ ಕಿಟಕಿಯ ಸರಳುಗಳ ಹಿಂದೆ ಒಂದು ಬೋಳುತಲೆ ಕಂಡಿತು. ಬಿಸಿಲಿಗೆ ಮಿಂಚುತ್ತಿತ್ತು. ಹಿಂದಿನ ದಿನವಷ್ಟೇ ನಾನು ಬೋಳಿಸಿ ಕಳಿಸಿದ ತಲೆ.

ಹೌದು, ಆಗಲೂ ನೀವು ನನ್ನ ಹತ್ತಿರ ಬರುತ್ತಿದ್ದಿರಿ, ನಾನೂ ಬೋಳಿಸುತ್ತಿದ್ದೆ. ಎದುರು ಹೊಡೆತವನ್ನು ಆಗಲಾದರೂ ಬಿಟ್ಟೆನೇ? ಇಲ್ಲ. ಬಿಟ್ಟರೆ ಗುಳ್ಳೆ ಮಾಯುತ್ತವೆ, ಮಾಯ್ದರೆ ಅವು ವಸ್ತರಾದ್ದೇ ಎಂದು ಗೊತ್ತಾಗುತ್ತದೆ. ಇಷ್ಟು ನೀಚ ಲೆಕ್ಕ ನನ್ನ ತಲೆಯಲ್ಲಿ ಓಡಿತ್ತು, ಭೂಪಾಲಣ್ಣ. ಇದನ್ನು ಗೌರವ್ವನಿಗೂ ಹೇಳಿರಲಿಲ್ಲ. ಥೂ — ಬರೆಯುವಾಗ ನನಗೇ ಹೇಸಿಗೆ ಬರುತ್ತದೆ.

ದೀಪಾವಳಿ ಕಳೆದು ಮುನಿಗಳು ಊರು ಬಿಟ್ಟು ವಿಹಾರ ಹೊರಟ ಮೇಲೆ, ಒಂದು ಮಧ್ಯಾಹ್ನ ಪದ್ಮವ್ವ ನನ್ನ ಅಂಗಡಿಗೆ ಬಂದರು. ಆ ವಯಸ್ಸಿನಲ್ಲಿ ಬಸ್ಸು ಹತ್ತಿ, ಇಳಿದು, ವಿಚಾರಿಸಿಕೊಂಡು. ಕುರ್ಚಿ ಕೊಟ್ಟರೆ ಕೂಡಲಿಲ್ಲ. ಸೆರಗಿನೊಳಗಿನಿಂದ ಒಂದು ತೆಂಗಿನಕಾಯಿ ತೆಗೆದರು. ಕಲಶದ ಮೇಲಿನ ಕಾಯಿ. ಅರಿಶಿನ ಕುಂಕುಮ ಹಾಗೆಯೇ ಇತ್ತು.

“ತಗೋ ತಮ್ಮಾ. ಮುನಿಗಳ ಪಾದಕ್ಕ ಮುಟ್ಟಲಿಲ್ಲ, ನನ್ನ ದೈವದಾಗ ಇರಲಿಲ್ಲ ಬಿಡು. ನೀ ತಗೋ.”

“ನಾ ಯಾಕ್ರಿ ಅವ್ವಾ…” ಅಂದೆ.

“ಊರ ಮಂದಿ ನನ್ನ ಮಗನ ಕಂಡ್ರ ಸರದ ನಿಂತ್ರು. ನೀ ಒಬ್ಬವ ಹೇಸದ ಅವನ ತಲಿ ಮುಟ್ಟಿದಿ. ನಾ ಹೋದ ಮ್ಯಾಲೂ ನೋಡಕೋ ಅವನ್ನ.”

ಆ ಕಾಯಿಯನ್ನು ನಾನು ಎರಡೂ ಕೈಯಿಂದ ತೆಗೆದುಕೊಂಡೆ. ಕಾಲಿಗೆ ಬಿದ್ದು ಹೇಳಬಹುದಾಗಿತ್ತು. ಅಂಗಡಿ ಖಾಲಿಯಿತ್ತು, ಕೇಳುವವರು ಒಬ್ಬರೂ ಇರಲಿಲ್ಲ, ಹೆಸರು ಹೋಗುವ ಭಯವೂ ಇರಲಿಲ್ಲ. ಆಗಲೂ ಹೇಳಲಿಲ್ಲ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು ಹೋದರು. ಆ ಸುಳ್ಳನ್ನಾದರೂ ಹೆದರಿ ಹೇಳಿದೆ ಅನ್ನಬಹುದು. ಈ ಮೌನಕ್ಕೆ ಏನನ್ನಲಿ?

ಮರುವರ್ಷ ಮಾಘದಲ್ಲಿ ಅವ್ವ ತೀರಿಕೊಂಡರು. ನೀವು ಮಗ್ಗದ ಶೆಡ್ಡನ್ನು ಬೇರೆಯವರಿಗೆ ವಹಿಸಿ ದಾನೋಳಿಗೆ ಹೋಗಿಬಿಟ್ಟಿರಿ. ಅಲ್ಲಿ ಯಾರ ವಸ್ತರಾವೂ ಮುಟ್ಟದೆ ಕೂದಲು ಬಿಟ್ಟಿರಿ. ಗುಳ್ಳೆ ಮಾಯ್ದವು. ಮಾಯಲೇಬೇಕಲ್ಲ! ಅವ್ವನ ಪುಣ್ಯದಿಂದ ಮಾಯ್ದವು ಎಂದು ನೀವು ಎಲ್ಲರಿಗೂ ಹೇಳಿದಿರಂತೆ. ಹೆಡಕಿನ ಮೇಲಿನ ನಾಲ್ಕು ಗಂಟು ಮಾತ್ರ ಉಳಿದವು. ಅದನ್ನು ಟೋಪಿಯ ಕೆಳಗೆ ಮುಚ್ಚಿಕೊಂಡು ಓಡಾಡುತ್ತೀರಿ ಎಂದು ಕೇಳಿದ್ದೇನೆ.

ನಾನು ಎದುರು ಹೊಡೆತ ಬಿಟ್ಟದ್ದು ಅವ್ವ ಹೋದ ಮೇಲೆ. ಅದಕ್ಕೂ ಸುಳ್ಳೇ ಕಾರಣ ಹೇಳಿದೆ — ಕಣ್ಣು ಮಂಜಾಗಿದೆ, ಕೈ ಮೊದಲಿನ ಹಾಗೆ ಬರುವುದಿಲ್ಲ ಎಂದು. ಈಗ ಬಿಸಿನೀರಿನ ಬಟ್ಟೆ ಇಡುತ್ತೇನೆ, ಕೂದಲಿನ ದಿಕ್ಕಿಗೆ ಒಂದೇ ಸಲ ಹೊಡೆಯುತ್ತೇನೆ, ಗುಳ್ಳೆ ಎದ್ದವರಿಗೆ ಮಷೀನು. ಗಿರಾಕಿ ಕಡಿಮೆಯಾಗಲಿಲ್ಲ. ನಾನು ಹೆದರಿದ್ದು ಯಾವುದಕ್ಕೆ ಎಂದು ಈಗ ಹುಡುಕಿದರೂ ಸಿಗುವುದಿಲ್ಲ. ಅರಳೆಯ ಭರಣಿಯನ್ನು ಗೌರವ್ವ ಉಪ್ಪಿನಕಾಯಿಗೆ ಇಟ್ಟುಕೊಂಡಿದ್ದಾಳೆ.

ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ — ಮೊನ್ನೆ ನಿಮ್ಮೂರಿನ ಒಬ್ಬರು ಕುರ್ಚಿಯಲ್ಲಿ ಕೂತು ಹೇಳಿದರು. ಏಳು ವರ್ಷದ ಮೇಲೆ ದಾನೋಳಿಗೆ ಮತ್ತೆ ಚಾತುರ್ಮಾಸಕ್ಕೆ ಮುನಿಗಳು ಬರುತ್ತಿದ್ದಾರಂತೆ. ಆದಗೊಂಡ ಕಾಕಾ ಇನ್ನೂ ಗಟ್ಟಿಯಾಗಿದ್ದಾರೆ, ನಾಳೆ ಬಸದಿಯ ಕ‍ಟ್ಟೆಯ ಮೇಲೆ ಕೂತು ಚೌಕದ ಮನೆಗಳನ್ನು ಬರೆದುಕೊಳ್ಳುತ್ತಾರೆ. “ಭೂಪಾಲಣ್ಣಂದು?” ಅಂದೆ. “ಅಂವ ಎಲ್ಲಿ ಬರಸ್ತಾನ? ನಮ್ಮದು ದೋಷದ ಮನಿ, ಮುನಿಗಳಿಗೆ ನಮ್ಮ ನೆರಳೂ ಬ್ಯಾಡ ಅಂತಾನ. ಅವರು ಬರೂ ಹೊತ್ತಿಗೆ ಹೊಲಕ್ಕ ಹೋಗಿ ಕೂಡತಾನಂತ” ಅಂದರು. ವಸ್ತರಾ ನನ್ನ ಕೈಯಲ್ಲಿತ್ತು. ಕೆಳಗಿಟ್ಟೆ. ಅವರ ಅರ್ಧ ತಲೆಯನ್ನು ಪಕ್ಕದ ಅಂಗಡಿಯವನಿಂದ ಮಾಡಿಸಿ ಕಳಿಸಬೇಕಾಯಿತು.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ. ಗೌರವ್ವನೂ ಬರುತ್ತಾಳೆ, “ನೀವು ಅರ್ಧ ದಾರಿಯಿಂದ ತಿರುಗಿ ಬರೂ ಪೈಕಿ” ಎಂದು ಹೇಳಿ ಸೀರೆ ತೆಗೆದಿಟ್ಟಿದ್ದಾಳೆ. ಕಟ್ಟೆಯ ಕೆಳಗೆ ನಿಂತು, ಕಾಕಾನ ಎದುರಿಗೆ, ಇದನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ, ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ನಿಮ್ಮ ಕ್ಷಮೆ ಕೇಳುವುದಿಲ್ಲ. ಕೇಳಬೇಕಾಗಿದ್ದದ್ದು ಅವ್ವನನ್ನು, ಅವರು ಎದುರಿಗೇ ನಿಂತಾಗ ಕೇಳಲಿಲ್ಲ.

ಆ ಕಾಯಿಯನ್ನು ನಾನು ಒಡೆಯಲಿಲ್ಲ. ಅಂಗಡಿಯ ಗೋಡೆಯ ಮಾಡದಲ್ಲಿ ಏಳು ವರ್ಷ ಇತ್ತು. ಕುಂಕುಮ ಉದುರಿದೆ, ಒಳಗೆ ನೀರು ಬತ್ತಿ ಒಣ ಕೊಬ್ಬರಿಯ ಗಿಟಕಾಗಿದೆ, ಎತ್ತಿದರೆ ಲೊಟಲೊಟ ಅನ್ನುತ್ತದೆ. ಅದನ್ನು ತರುತ್ತೇನೆ. ಈ ಕಾಗದದ ಜೊತೆ ನಿಮ್ಮ ಹೊಸ್ತಿಲ ಹೊರಗೆ ಇಟ್ಟು ಹೋಗುತ್ತೇನೆ, ನನ್ನನ್ನು ಒಳಗೆ ಕರೆಯಬೇಡಿ. ಈ ವರ್ಷ ಹೊಲಕ್ಕೆ ಹೋಗಬೇಡಿ, ಭೂಪಾಲಣ್ಣ. ಬಾಗಿಲಲ್ಲಿ ನಿಲ್ಲಿ, ಅವ್ವ ನಿಲ್ಲುತ್ತಿದ್ದ ಜಾಗದಲ್ಲಿ. ಕಾಯಶುದ್ಧಿ ಅನ್ನುವಾಗ ಧ್ವನಿ ತಗ್ಗಿಸಬೇಡಿ.